ಆಕಾಶ ಕಳೆಯುವ ಅಳತೆಯಮ್ಮ

ನನ್ನ ತಮ್ಮನ ಹೆಂಡತಿಗೆ ಅಳತೆಯಮ್ಮ ಎಂದು ಹೆಸರಿಟ್ಟವಳು ನಮ್ಮಮ್ಮ. ಮದುವೆಯಾಗಿ ಮನೆಗೆ ಬಂದ ಹೊಸದರಲ್ಲಿ, ಒಲೆಯ ಮೇಲಿರುವ ತರಕಾರಿಗೆ ಒಂಚೂರು ಉಪ್ಪು ಹಾಕಮ್ಮ ಎಂದರೆ, ಒಂಚೂರು ಅಂದರೆ ಎಷ್ಟು ಗ್ರಾಂ ಎಂದು ಕೇಳಿದವಳು ಅವಳು. ಅಮ್ಮ ತನ್ನ ಬೆರಳುಗಳನ್ನೇ ಒಮ್ಮೆ ನೋಡಿಕೊಂಡು, ಕೈಯಳತೆ ಕಣಮ್ಮ, ಕೈಗೇ ಗೊತ್ತಾಗುತ್ತೆ ಎಂದಳು. ಮಾರನೆಯ ದಿನ ಸೊಸೆ ಅಡುಗೆಮನೆಗೆ ಪುಟ್ಟ ತಕ್ಕಡಿ ತಂದಳು. ಅತ್ತೆಯ ಚಿಟಿಕೆಯನ್ನು ಅದರಲ್ಲಿ ಮತ್ತೆ ಮತ್ತೆ ತೂಗಿ, ಸರಾಸರಿ ತೆಗೆದು, ಚೀಟಿ ಬರೆದು ಗೋಡೆಗೆ ಅಂಟಿಸಿದಳು. ಅವತ್ತಿನಿಂದ ಅಮ್ಮ ಉಪ್ಪಿನ ಡಬ್ಬಿಗೆ ಕೈಹಾಕುವಾಗಲೆಲ್ಲ ಗೋಡೆ ನೋಡಿ ತನ್ನ ಕೈಯ ಮೇಲೆ ತಾನೇ ಅನುಮಾನಪಡುತ್ತಾಳೆ.

ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯೆಂದರೆ ನನ್ನ ಫೋಟೋ ಸ್ಟುಡಿಯೋ. ಒಂದು ಕುರ್ಚಿ, ಎರಡು ದೀಪ, ಹಿಂದೆ ಬಿಳಿ ಪರದೆ, ಪಕ್ಕದಲ್ಲಿ ಕಂಪ್ಯೂಟರ್. ಮದುವೆಯ ಫೋಟೋ ತೆಗೆದೂ ತೆಗೆದೂ ಮದುವೆಯ ಆಸೆಯೇ ಹೊರಟುಹೋಗಿ ನಾನು ಒಂಟಿಯಾಗಿ ಸುಖವಾಗಿದ್ದೇನೆ. ತಮ್ಮ ಲಿಫ್ಟ್ ರಿಪೇರಿ ಮಾಡುತ್ತಾನೆ. ದಿನವೆಲ್ಲ ಮೇಲೆ ಕೆಳಗೆ ಓಡಾಡಿ ಬಂದವನಿಗೆ ನಮ್ಮ ಮನೆಯ ಮೆಟ್ಟಿಲು ಹತ್ತುವುದೇ ಬೇಸರ. ಮಾತಂತೂ ಅವನಿಂದ ಕೊಕ್ಕೆ ಹಾಕಿ ಎಳೆಯಬೇಕು.

ನನ್ನ ಕಸುಬಿನಲ್ಲಿ ಗುಟ್ಟೇನಿಲ್ಲ. ಬಂದವರ ಮೊಡವೆ ಅಳಿಸುತ್ತೇನೆ, ಕಣ್ಣಿನ ಕೆಳಗಿನ ಕಪ್ಪು ತೆಗೆಯುತ್ತೇನೆ, ಕೇಳಿದರೆ ಕತ್ತನ್ನೂ ಸ್ವಲ್ಪ ತೆಳ್ಳಗೆ ಮಾಡುತ್ತೇನೆ. ಇದ್ದ ಹಾಗೇ ಕಾಣಬೇಕೆಂದಿದ್ದರೆ ಜನ ನನ್ನ ಹತ್ತಿರ ಯಾಕೆ ಬರಬೇಕು, ಮನೆಯಲ್ಲಿ ಕನ್ನಡಿ ಇಲ್ಲವೇ? ಅಳತೆಯಮ್ಮ ಸಂಜೆ ಕೆಲಸದಿಂದ ಬಂದು ನನ್ನ ಹೆಗಲ ಮೇಲಿಂದ ಪರದೆ ನೋಡುತ್ತಾಳೆ. ಚೆನ್ನಾಗಿದಾರೆ ಅಕ್ಕ, ಯಾರಿವರು ಎಂದು ಕೇಳುತ್ತಾಳೆ. ದಿನಾ ಬೆಳಗ್ಗೆ ಅವಳ ಜೊತೆಗೇ ಬಸ್ಸಿಗೆ ಕಾಯುವ ಪಕ್ಕದ ಮನೆಯಾಕೆಯ ಫೋಟೋ ಅದು. ವ್ಯಂಗ್ಯವಲ್ಲ, ಅವಳಿಗೆ ನಿಜವಾಗಿ ಗುರುತು ಸಿಕ್ಕಿರುವುದಿಲ್ಲ. ನನಗೆ ಮೈಯೆಲ್ಲ ಉರಿಯುತ್ತದೆ.

ಅವಳ ಎಡಗೆನ್ನೆಯ ಮೇಲೆ ಚಿಕ್ಕಂದಿನಲ್ಲಿ ಬಿಸಿ ಮುಚ್ಚಳ ತಗಲಿ ಆದ ಒಂದು ಕಲೆಯಿದೆ. ಒಂದು ಸಲ ಕುರ್ಚಿಯಲ್ಲಿ ಕೂತುಕೋ, ಕ್ಷಣದಲ್ಲಿ ಮಾಯ ಮಾಡುತ್ತೇನೆ ಎಂದು ನಾನು ಎಷ್ಟೋ ಸಲ ಕರೆದಿದ್ದೆ.

"ತೆಗೆದ್ಮೇಲೆ ಅದು ನನ್ನ ಫೋಟೋ ಹೇಗಾಗುತ್ತೆ ಅಕ್ಕ?" ಎಂದಳೇ ಹೊರತು ಕೂರಲಿಲ್ಲ. ಸ್ವಂತ ಮನೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು, ಆಫೀಸಿನ ಗುರುತಿನ ಚೀಟಿಗೆ ಅಲ್ಲಿಯ ಯಂತ್ರದ ಮುಂದೆ ನಿಂತು ಕಳ್ಳಿಯ ಹಾಗೆ ಫೋಟೋ ತೆಗೆಸಿಕೊಂಡು ಬಂದವಳು ಅವಳು.

ಅವಳ ಕೆಲಸ ವಿಶ್ವವಿದ್ಯಾಲಯದ ಖಗೋಳ ವಿಭಾಗದಲ್ಲಿ. ದೂರದರ್ಶಕದಿಂದ ತೆಗೆದ ಗೆಲಾಕ್ಸಿಗಳ ಫೋಟೋ ಅಳೆಯುವ ಒಂದು ಪ್ರೋಗ್ರಾಂ ಬರೆದಿದ್ದಾಳೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮೊದಲು ಫೋಟೋದ ಮೇಲಿನ ಕಲೆಗಳನ್ನು ಗುರುತಿಸಿ ಬದಿಗಿಡಬೇಕು. ಕಲೆಯೆಂದರೆ ಎದುರಿಗೆ ಅಡ್ಡ ಬಂದ ಯಾವುದೋ ನಕ್ಷತ್ರ, ಕ್ಯಾಮೆರಾದ ಯಾವುದೋ ಚುಕ್ಕೆ. ಆಮೇಲೆ ಆಕಾಶವನ್ನು ಕಳೆಯಬೇಕು, ಯಾಕೆಂದರೆ ಕತ್ತಲ ಆಕಾಶಕ್ಕೂ ತನ್ನದೇ ಒಂದು ಮಂಕು ಬೆಳಕಿದೆ, ಅದು ಲೆಕ್ಕಕ್ಕೆ ಸೇರಬಾರದು. ಉಳಿದ ಗೆಲಾಕ್ಸಿ ಎಷ್ಟು ಅಗಲ, ಎಷ್ಟು ಚಪ್ಪಟೆ, ನಡುವಿನಿಂದ ಅಂಚಿಗೆ ಹೋಗುತ್ತಾ ಹೇಗೆ ಮಸುಕಾಗುತ್ತದೆ ಎಂದು ಅಳೆದು, ಬರೀ ಅಂಕಿಗಳಿಂದ ಅದರಂಥದೇ ಒಂದು ನಕಲಿ ಗೆಲಾಕ್ಸಿ ಕಟ್ಟಬೇಕು. ನಿಜದಿಂದ ನಕಲಿಯನ್ನು ಕಳೆದಾಗ ಏನೂ ಉಳಿಯದಿದ್ದರೆ ಅಳತೆ ಸರಿ ಎಂದರ್ಥ.

ಇದನ್ನು ಕೇಳಿ ನಾನು, ಲೋಕವೆಲ್ಲ ಕಳೆದ ಮೇಲೂ ನಾಲ್ಕು ಕಾಸು ಉಳಿಯಲಿ ಅಂತ ದುಡಿಯುತ್ತೆ, ನೀನೊಬ್ಬಳು ಏನೂ ಉಳಿಯದಿರಲಿ ಅಂತ ದುಡೀತೀಯ ಎಂದೆ. ಅವಳು ನಕ್ಕು, ಹಾಗೆ ನೋಡಿದರೆ ಹೌದು ಎಂದಳು. ಅವಳನ್ನು ರೇಗಿಸುವುದು ಗೋಡೆಗೆ ಚೆಂಡು ಹೊಡೆದಂತೆ, ಚೆಂಡು ನಮ್ಮ ಕೈಗೇ ವಾಪಸ್ಸು ಬರುತ್ತದೆ.

ಇನ್ನೊಂದು ವಿಚಿತ್ರವೆಂದರೆ ಆ ಪ್ರೋಗ್ರಾಂ ಪುಕ್ಕಟೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ಹೇಗೆ ಬರೆದಿದೆ ಎಂದು ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದು ಚೆನ್ನಾಗಿದ್ದರೆ ಇವಳಿಗೆ ಕಳಿಸಬಹುದು. ಬಿಟ್ಟಿ ಕೊಟ್ಟದ್ದಕ್ಕೆ ಬೆಲೆ ಇರುತ್ತಾ ಎಂದು ಅಮ್ಮನಿಗೆ ಚಿಂತೆ. ಆಗ ತಮ್ಮ ಆ ವಾರದ ಒಂದೇ ಮಾತು ಆಡಿದ. ಪಕ್ಕದ ಮನೆಗೆ ನೀನು ಮೊಸರಿನ ಹೆಪ್ಪು ಕೊಡ್ತೀಯಲ್ಲ, ಅದಕ್ಕೇನು ಬಿಲ್ ಹಾಕ್ತೀಯಾ ಎಂದ. ಅಮ್ಮ ಒಪ್ಪಿಕೊಂಡಳು. ಅಂದಿನಿಂದ ಸೊಸೆ ಕಂಪ್ಯೂಟರ್ ಮುಂದೆ ಕೂತರೆ, ಯಾವ ದೇಶಕ್ಕೆ ಹೆಪ್ಪು ಹೋಯಿತಮ್ಮ ಇವತ್ತು ಎಂದು ಕೇಳುವುದು ಅಮ್ಮನ ರೂಢಿಯಾಯಿತು.

ಪ್ರೋಗ್ರಾಂ ಶುರುಮಾಡಿದಾಗ ಇಷ್ಟು ಜನ ಬಳಸುತ್ತಾರೆಂದು ಅವಳು ಎಣಿಸಿರಲಿಲ್ಲ. ತನಗೊಬ್ಬಳಿಗೇ ಎಂದುಕೊಂಡು, ಅದರ ತುಂಡು ತುಂಡಿಗೆ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತಿನದೇ ಹೆಸರು ಕೊಟ್ಟಿದ್ದಳು. ಗೆಲಾಕ್ಸಿಯ ನಡುವಿನ ಉಬ್ಬನ್ನು ಅಳೆಯುವ ತುಂಡಿನ ಹೆಸರು ಹೊಟ್ಟೆ. ಎಲ್ಲೋ ಸಮುದ್ರದಾಚೆಯ ಪ್ರೊಫೆಸರುಗಳೆಲ್ಲ ಅರ್ಥ ತಿಳಿಯದೆ ಹೊಟ್ಟೆ ಹೊಟ್ಟೆ ಎಂದು ಟೈಪ್ ಮಾಡುತ್ತಿದ್ದಾರೆಂದು ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ತಿದ್ದಿ ಕಳಿಸುವವರಲ್ಲಿ ಒಬ್ಬ ಬಹಳ ಶಿಸ್ತಿನವನು. ದೂರದ ದೇಶದ ವಿದ್ಯಾರ್ಥಿ, ಮುಖ ನೋಡಿದವರಿಲ್ಲ. ಸಾಲುಗಳ ನಡುವಿನ ಖಾಲಿ ಜಾಗ ಸಹ ಒಂದೇ ಸಮನಾಗಿರಬೇಕು ಅವನಿಗೆ. ಅವನಿಗೆ ನಾವಿಟ್ಟ ಹೆಸರು ಅಚ್ಚುಕಟ್ಟಪ್ಪ. ಒಂದು ಸಲ ಅವನು ಇಡೀ ಪ್ರೋಗ್ರಾಂ ಗುಡಿಸಿ ಸಾರಿಸಿ ಕಳಿಸಿದ. ಅಳತೆಯಮ್ಮ ಮೇಲೆ ಮೇಲೆ ನೋಡಿ, ಎಷ್ಟು ಚೊಕ್ಕ ಮಾಡಿದಾನೆ ನೋಡಿ ಅಕ್ಕ ಎಂದು ಖುಷಿಯಿಂದ ಸೇರಿಸಿಕೊಂಡಳು.

ಅದಾದ ಮೇಲೆ ಪರೀಕ್ಷೆ ಬಂತು. ಗೆಲಾಕ್ಸಿ ಅಳೆಯುವ ಪ್ರೋಗ್ರಾಂಗಳಿಗೆಲ್ಲ ಒಂದು ಸಾಮೂಹಿಕ ಪರೀಕ್ಷೆ. ನಡೆಸುವವರು ತಾವೇ ಕೃತಕ ಗೆಲಾಕ್ಸಿಗಳ ಚಿತ್ರ ಮಾಡಿ, ಅವುಗಳ ನಿಜವಾದ ಗಾತ್ರವನ್ನು ಗುಟ್ಟಾಗಿಟ್ಟುಕೊಂಡು, ನೀವು ಅಳೆದು ಹೇಳಿ ಎಂದು ಎಲ್ಲರಿಗೂ ಕೊಡುತ್ತಾರೆ. ಪರೀಕ್ಷೆ ಶುರುವಾದ ಮೇಲೆ ಪ್ರೋಗ್ರಾಂ ತಿದ್ದುವಂತಿಲ್ಲ. ಮೊದಲ ಸುತ್ತಿನ ಫಲಿತಾಂಶದಲ್ಲಿ ಅಳತೆಯಮ್ಮನ ಪ್ರೋಗ್ರಾಂ ಎಲ್ಲರಿಗಿಂತ ಕೆಳಗಿತ್ತು. ಸಣ್ಣ ಗೆಲಾಕ್ಸಿಗಳನ್ನು ಸುಮಾರಾಗಿ ಅಳೆದಿತ್ತು. ದೊಡ್ಡವನ್ನೆಲ್ಲ ಇದ್ದದ್ದಕ್ಕಿಂತ ಚಿಕ್ಕದಾಗಿ ತೋರಿಸಿತ್ತು.

ನನಗೆ ತಮಾಷೆಯೆನಿಸಿತು. ದೊಡ್ಡ ಮೈಯವರನ್ನು ತೆಳ್ಳಗೆ ತೋರಿಸುವುದಕ್ಕೆ ನನ್ನ ಹತ್ತಿರ ಜನ ಸಾಲು ನಿಲ್ಲುತ್ತಾರೆ, ಕೊನೆಗೂ ನನ್ನ ದಾರಿಗೆ ಬಂದೆ ಬಿಡು ಎಂದೆ. ಚೆಂಡು ವಾಪಸ್ಸು ಬರಲಿಲ್ಲ. ಅವಳು ಮೆಟ್ಟಿಲು ಹತ್ತಿ ಹೋದಳು.

ಆಮೇಲೆ ತಮ್ಮನಿಂದ ವಿಷಯ ಗೊತ್ತಾಯಿತು. ಕೊನೆಯ ಸುತ್ತಿನಲ್ಲೂ ಹೀಗೇ ಆದರೆ ವಿಭಾಗ ಬೇರೆ ಪ್ರೋಗ್ರಾಂ ಬಳಸುತ್ತದೆ, ಇದನ್ನು ನಿಲ್ಲಿಸುತ್ತದೆ, ಅಳತೆಯಮ್ಮ ಹಾಸ್ಟೆಲ್ ಕೋಣೆ ಹಂಚುವ ಸಾಫ್ಟ್‌ವೇರ್ ನೋಡಿಕೊಳ್ಳಬೇಕು ಎಂದು ಮುಖ್ಯಸ್ಥರು ಹೇಳಿದ್ದರಂತೆ. ಅವರು ಒಳ್ಳೆಯ ಮನುಷ್ಯ, ಬೇಸರದಿಂದಲೇ ಹೇಳಿದರಂತೆ. ಒಳ್ಳೆಯವರು ಹೇಳಿದ ಕೆಟ್ಟ ಸುದ್ದಿಯೇ ಕಷ್ಟ, ಬೈಯುವುದಕ್ಕೂ ಬಾಯಿ ಬರುವುದಿಲ್ಲ.

ಅವಳು ಹಗಲೆಲ್ಲ ತಪ್ಪು ಹುಡುಕಿದಳು. ಅಳೆಯುವ ಗಣಿತವನ್ನೇ ಮತ್ತೆ ಮೊದಲಿನಿಂದ ಮಾಡಿದಳು. ಗಣಿತ ಸರಿಯಿತ್ತು. ಮನೆಯಲ್ಲಿ ಮಾತ್ರ ಅಳತೆ ತಪ್ಪಿತು. ಒಂದು ಬೆಳಗ್ಗೆ ತಕ್ಕಡಿ ಮುಟ್ಟದೆ ಕೈಗೆ ಬಂದಷ್ಟು ಉಪ್ಪು ಸುರಿದಳು. ಅದನ್ನು ತಿಂದು ನಾವೆಲ್ಲ ದಿನವಿಡೀ ನೀರು ಕುಡಿದೆವು. ಅಮ್ಮ ಪಾತ್ರೆ ತೊಳೆಯುತ್ತಾ, ಮಗೂ ಮುಖದಲ್ಲಿ ಕಳೆಯೇ ಇಲ್ಲ ಕಣೇ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆ ಸಂಜೆ ನಾನೇ ಅಳತೆಯಮ್ಮನ ಪಕ್ಕ ಹೋಗಿ ಕೂತೆ.

"ಹಾಸ್ಟೆಲ್ ಕೆಲಸ ಕೀಳು ಅಂತಲ್ಲ ಅಕ್ಕ," ಎಂದಳು. "ಅಷ್ಟೊಂದು ಜನ ನನ್ನ ಅಳತೆ ನಂಬಿದ್ರು. ಅದೇ ತಪ್ಪಿದ್ರೆ, ನನ್ನಲ್ಲಿ ಇನ್ನೇನಿದೆ?"

ನಾನು ಆ ಹುಡುಗಿಯನ್ನು ಎಷ್ಟು ಹಚ್ಚಿಕೊಂಡಿದ್ದೇನೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಆ ಭಾನುವಾರ ಬೆಳಗ್ಗೆ ನನ್ನ ಅಂಗಡಿಗೆ ಹೊಸ ಬೋರ್ಡು ಬಂತು. ಹಳೆಯದು ಬಿಸಿಲಿಗೆ ಮಾಸಿ, ಸ್ಟುಡಿಯೋ ಎಂಬಲ್ಲಿ ಬರೀ ಡಿಯೋ ಉಳಿದಿತ್ತು. ಬೋರ್ಡು ಬರೆಯುವವನಿಗೆ ಫೋನಿನಲ್ಲೇ ಸಾಲು ಹೇಳಿದ್ದೆ. ‘ಮುಖದ ಕಲೆ ತೆಗೆಯುತ್ತೇವೆ, ಮುಖಕ್ಕೆ ಕಳೆ ತರುತ್ತೇವೆ’. ರಾತ್ರಿಯೆಲ್ಲ ಯೋಚಿಸಿ ನಾನೇ ಕಟ್ಟಿದ ಸಾಲು, ನನಗೇ ಹೆಮ್ಮೆ. ಅವನು ಏಣಿ ಹಾಕಿ, ಬೋರ್ಡು ಮೇಲೇರಿಸಿ, ಮೊಳೆ ಹೊಡೆದು ಇಳಿದ. ನಾನು ರಸ್ತೆಯ ಆಚೆ ನಿಂತು ಓದಿದೆ.

ಕೆಂಪು ಬಣ್ಣದಲ್ಲಿ, ಮೊಳದುದ್ದದ ಅಕ್ಷರದಲ್ಲಿ, ‘ಮುಖದ ಕಳೆ ತೆಗೆಯುತ್ತೇವೆ, ಮುಖಕ್ಕೆ ಕಲೆ ತರುತ್ತೇವೆ’ ಎಂದಿತ್ತು.

ನಾನು ಹಾರಾಡಿದೆ. ಅವನೂ ಬಿಡಲಿಲ್ಲ, ನೀವು ಹೇಳಿದ್ದನ್ನೇ ಬರೆದಿದ್ದೇನೆ, ನಿಮ್ಮ ನಾಲಿಗೆಯಲ್ಲಿ ಲ ಯಾವುದು ಳ ಯಾವುದು ಅಂತ ನಾನು ಹೇಗೆ ಕಂಡುಹಿಡಿಯಲಿ ಎಂದ. ಬೀದಿಯವರೆಲ್ಲ ಕಿಟಕಿ ತೆರೆದರು. ಪಕ್ಕದ ಮನೆಯಾಕೆ, ಪರವಾಗಿಲ್ಲ ಬಿಡಿ, ನಿಜ ಹೇಳೋ ಅಂಗಡಿ ಇದೊಂದೇ ಎಂದಳು. ಗಲಾಟೆ ಕೇಳಿ ಅಳತೆಯಮ್ಮ ಕೆಳಗಿಳಿದು ಬಂದಳು. ಬೋರ್ಡು ಓದಿದಳು. ಎಷ್ಟೋ ದಿನದಿಂದ ನಗದವಳು ಏಣಿ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನನ್ನ ಸಿಟ್ಟು ಅರ್ಧ ಇಳಿಯಿತು.

ಇದ್ದಕ್ಕಿದ್ದಂತೆ ಅವಳ ನಗು ನಿಂತಿತು. ಬೋರ್ಡನ್ನೇ ದಿಟ್ಟಿಸುತ್ತಾ, "ಅಕ್ಕ, ಸಣ್ಣ ಎಲ್... ದೊಡ್ಡ ಎಲ್..." ಎಂದಳು. ಆಮೇಲೆ ಒಂದು ಚಪ್ಪಲಿ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದಳು. ಬೋರ್ಡು ಬರೆಯುವವನು ನನ್ನ ಮುಖ ನೋಡಿದ. ನಾನು ಚಪ್ಪಲಿ ಎತ್ತಿಕೊಂಡು ಅವಳ ಹಿಂದೆ ಓಡಿದೆ.

ನಡೆದದ್ದು ಇಷ್ಟು. ಕಲೆ ಬದಿಗಿಡುವ ತುಂಡಿಗೆ ಅವಳು ಕಲೆ ಎಂದು, ಆಕಾಶ ಕಳೆಯುವ ತುಂಡಿಗೆ ಕಳೆ ಎಂದು ಹೆಸರಿಟ್ಟಿದ್ದಳು. ನಮ್ಮ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಲ ಎಂಬುದಕ್ಕೆ ಸಣ್ಣ ಎಲ್, ಳ ಎಂಬುದಕ್ಕೆ ದೊಡ್ಡ ಎಲ್ ಹಾಕುತ್ತೇವಲ್ಲ, ಹಾಗೇ ಹಾಕಿದ್ದಳು. ಹೆಸರಿನ ನಡುವೆ ದೊಡ್ಡಕ್ಷರ ಬರಬಾರದೆಂಬುದು ಪ್ರೋಗ್ರಾಂ ಬರೆಯುವವರ ಕಸುಬಿನ ಒಂದು ಮಡಿ. ನಮ್ಮ ಭಾಷೆ ಬಾರದ ಅಚ್ಚುಕಟ್ಟಪ್ಪ ಅದನ್ನು ಕೈತಪ್ಪೆಂದು ತಿಳಿದು, ಗುಡಿಸುವಾಗ ದೊಡ್ಡ ಎಲ್‌ಗಳನ್ನೆಲ್ಲ ಸಣ್ಣದು ಮಾಡಿಬಿಟ್ಟಿದ್ದ. ಎರಡು ತುಂಡಿಗೂ ಒಂದೇ ಹೆಸರಾಯಿತು. ಹಾಗಾದಾಗ ಕಂಪ್ಯೂಟರ್ ಕೊನೆಯಲ್ಲಿ ಬರೆದದ್ದನ್ನು ಮಾತ್ರ ಇಟ್ಟುಕೊಳ್ಳುತ್ತದಂತೆ. ಆದ್ದರಿಂದ ಕಲೆ ತೆಗೆ ಎಂದಾಗಲೂ ಅದು ಆಕಾಶ ಕಳೆಯಿತು, ಆಕಾಶ ಕಳೆ ಎಂದಾಗಲೂ ಆಕಾಶ ಕಳೆಯಿತು. ಎರಡನೆಯ ಸಲ ಕಳೆಯಲು ಆಕಾಶವೇ ಉಳಿದಿರಲಿಲ್ಲ. ದೊಡ್ಡ ಗೆಲಾಕ್ಸಿಗಳ ಮಸುಕು ಅಂಚನ್ನೇ ಆಕಾಶವೆಂದು ತಿಳಿದು ಕತ್ತರಿಸಿ ಎಸೆದಿತ್ತು. ಅವಳು ಮೊದಲಿಂದ ಪ್ರೋಗ್ರಾಂ ಪರೀಕ್ಷಿಸುತ್ತಿದ್ದದ್ದು ಕಲೆಯೇ ಇಲ್ಲದ ಪುಟ್ಟ ಗೆಲಾಕ್ಸಿಗಳ ಮೇಲೆ, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವಳು ನನ್ನೆದುರಿಗೇ ಕಳೆ ಎಂಬುದರ ಎಲ್ ಅನ್ನು ಮತ್ತೆ ದೊಡ್ಡದು ಮಾಡಿ, ಒಂದು ದೊಡ್ಡ ಗೆಲಾಕ್ಸಿಯನ್ನು ಅಳೆದಳು. ನಿಜದಿಂದ ನಕಲಿ ಕಳೆದಳು. ಪರದೆಯ ಮೇಲೆ ಏನೂ ಉಳಿಯಲಿಲ್ಲ. ಬೂದುಬಣ್ಣ ಬಿಟ್ಟರೆ ಬೇರೇನೂ ಇಲ್ಲದ ಆ ಚಿತ್ರ ನೋಡಿ ಇಬ್ಬರೂ ಕೈ ಹಿಡಿದುಕೊಂಡು ಕುಣಿದೆವು. ಅಮ್ಮ ಬಂದು ನೋಡಿ, ಏನೂ ಕಾಣಿಸ್ತಿಲ್ಲವಲ್ಲ, ಇದಕ್ಕೇನು ಕುಣಿತ ಎಂದಳು.

ಆದರೆ ಕುಣಿದಷ್ಟು ಸುಲಭವಿರಲಿಲ್ಲ, ಪರೀಕ್ಷೆ ಶುರುವಾದ ಮೇಲೆ ತಿದ್ದುವಂತಿಲ್ಲವಲ್ಲ. ಅವತ್ತೇ ಮಧ್ಯಾಹ್ನ, ತಪ್ಪು ತನ್ನದೇ ಎಂದು ಎಲ್ಲರೂ ಓದುವ ಜಾಗದಲ್ಲಿ ಬರೆಯಲು ಅಳತೆಯಮ್ಮ ಕೂತಳು. ಹೆಸರಿನ ಅರ್ಥ ತಾನು ಎಲ್ಲೂ ವಿವರಿಸಿರಲಿಲ್ಲ, ಕಳಿಸಿದ್ದನ್ನು ಸರಿಯಾಗಿ ಓದಿರಲಿಲ್ಲ, ಹುಡುಗನದೇನೂ ತಪ್ಪಿಲ್ಲ ಎಂದು. ಅಷ್ಟರಲ್ಲಿ, ಅವಳು ಬೆಳಗ್ಗೆಯೇ ವಿಷಯ ತಿಳಿಸಿದ್ದ ಅಚ್ಚುಕಟ್ಟಪ್ಪ ಅದೇ ಜಾಗದಲ್ಲಿ ಬರೆದಾಗಿತ್ತು. ತಿಳಿಯದ ಮಾತನ್ನು ಕೇಳದೆ ತಿದ್ದಿದೆ, ತಪ್ಪು ಪೂರ್ತಿ ನನ್ನದು ಎಂದು. ಇವಳು ಅದರ ಕೆಳಗೆ ಇಲ್ಲ ನನ್ನದು ಎಂದು ಬರೆದಳು. ಅವನು ಮತ್ತೆ ಇಲ್ಲ ನನ್ನದು ಎಂದ. ಕೆಳಗೆ ನಾನೂ ಬೋರ್ಡು ಬರೆಯುವವನೂ ಬೆಳಗ್ಗೆಯಿಂದ ನಿನ್ನದು, ನಿಮ್ಮದು ಎಂದು ಕಿತ್ತಾಡುತ್ತಿದ್ದೆವು. ಒಂದೇ ಮನೆಯಲ್ಲಿ ಎರಡು ಥರದ ಜಗಳ.

ದಾರಿ ತೋರಿಸಿದವನೂ ಅಚ್ಚುಕಟ್ಟಪ್ಪನೇ. ಇಂಥ ಪ್ರೋಗ್ರಾಂಗಳಲ್ಲಿ ಹಳೆಯದು ಯಾವುದೂ ಕಳೆದುಹೋಗುವುದಿಲ್ಲವಂತೆ, ಒಂದೊಂದು ತಿದ್ದುಪಡಿಯ ಹಿಂದಿನ ರೂಪವೂ ತಾರೀಖಿನ ಸಮೇತ ಹಾಗೇ ಇರುತ್ತದಂತೆ. ತಾನು ಗುಡಿಸುವುದಕ್ಕೆ ಮುಂಚಿನ ರೂಪ ಪರೀಕ್ಷೆಗಿಂತ ಎಷ್ಟೋ ಹಿಂದಿನದು, ಅದನ್ನೇ ಕೊನೆಯ ಸುತ್ತಿಗೆ ತೆಗೆದುಕೊಳ್ಳಿ ಎಂದು ನಡೆಸುವವರನ್ನು ಕೇಳಿಕೊಂಡ. ಅವರು ತಾರೀಖು ನೋಡಿ ಒಪ್ಪಿದರು. ಎಲ್ಲವೂ ಬಾಗಿಲು ತೆರೆದೇ ನಡೆದಿತ್ತಲ್ಲ, ಮುಚ್ಚುಮರೆಗೆ ಜಾಗವೇ ಇರಲಿಲ್ಲ.

ಕೊನೆಯ ಸುತ್ತಿನಲ್ಲಿ ಅವಳ ಪ್ರೋಗ್ರಾಂ ಮೊದಲು ಬರಲಿಲ್ಲ. ದೊಡ್ಡ ಗೆಲಾಕ್ಸಿಗಳಲ್ಲಿ ಎರಡನೆಯದು, ಒಟ್ಟಿನಲ್ಲಿ ನಾಲ್ಕನೆಯದು. ಆದರೆ ಅದನ್ನು ನಿಲ್ಲಿಸುವ ಮಾತು ನಿಂತಿತು. ಹಾಸ್ಟೆಲ್ ಕೋಣೆಗಳು ಬೇರೆ ಯಾರದೋ ಪಾಲಾದವು. ಮಾರನೆಯ ಬೆಳಗ್ಗೆ ಅವಳು ತಕ್ಕಡಿ ಇಳಿಸಿ ಉಪ್ಪು ತೂಗಿದಳು. ಅಮ್ಮ ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂದು ದಿನ ಅಚ್ಚುಕಟ್ಟಪ್ಪ ವೀಡಿಯೋದಲ್ಲಿ ಮುಖ ತೋರಿಸಿದ. ತಲೆಕೂದಲು ಹಕ್ಕಿಗೂಡಿನ ಹಾಗಿತ್ತು, ಹಿಂದಿನ ಕೋಣೆ ಅದಕ್ಕಿಂತ ಕೆದರಿತ್ತು. ಕಳೆ ಎನ್ನುವುದನ್ನು ಕಲಿಯಬೇಕೆಂದು ಹಟ ಹಿಡಿದಿದ್ದ. ಅಮ್ಮ ಪರದೆಯ ಮುಂದೆ ಕೂತು ಬಾಯಿ ತೆರೆದು ತೋರಿಸಿದಳು.

"ನಾಲಿಗೆ ಹಿಂದಕ್ಕೆ ಮಡಚಪ್ಪ, ಮಡಚಿ ಬಿಡು, ಳ," ಎಂದಳು. ಸೊಸೆ ಅದನ್ನು ಅವನ ಭಾಷೆಗೆ ತಿರುಗಿಸಿದಳು. ಅವನು ನಾಲ್ಕಾರು ಸಲ ತಡವರಿಸಿ ಕೊನೆಗೆ ಸ್ಪಷ್ಟವಾಗಿ ಕಳೆ ಎಂದ. ಅಮ್ಮ ನನ್ನ ಕಡೆ ತಿರುಗಿ, "ಅವನಿಗೆ ಬಂತು. ಇನ್ನು ನೀನು ಕೂತ್ಕೋ," ಎಂದಳು. ನನಗೇನು ಬಂದಿದೆ ಧಾಡಿ, ನನ್ನ ನಾಲಿಗೆ ಸರಿಯಾಗೇ ಇದೆ. ಬೋರ್ಡು ಬರೆಯುವವನ ಕಿವಿಯೇ ಮಂದ, ನಾನು ಇವತ್ತಿಗೂ ಅದನ್ನೇ ಹೇಳುತ್ತೇನೆ. ಅವನು ಬೇರೆ ಬೋರ್ಡು ಬರೆದುಕೊಟ್ಟ, ನಾನು ಈ ಸಲ ಕಾಗದದ ಮೇಲೆ ಬರೆದುಕೊಟ್ಟಿದ್ದೆ. ಹಳೆಯ ಬೋರ್ಡನ್ನು ಅಳತೆಯಮ್ಮ ಕೇಳಿ ತೆಗೆದುಕೊಂಡು ಹೋಗಿ ವಿಭಾಗದಲ್ಲಿ ತನ್ನ ಕಂಪ್ಯೂಟರಿನ ಮೇಲುಗಡೆ ತೂಗುಹಾಕಿದ್ದಾಳೆ.

ಆ ವಾರವೇ ಮುಖ್ಯಸ್ಥರು, ಪ್ರೋಗ್ರಾಂ ಬರೆದವರ ಫೋಟೋ ವಿಭಾಗದ ಗೋಡೆಗೆ ಬೇಕು ಎಂದರಂತೆ. ಸಂಜೆ ಕೆಲಸದಿಂದ ಬಂದವಳು ಮೇಲೆ ಹೋಗಲಿಲ್ಲ. ನೇರವಾಗಿ ಸ್ಟುಡಿಯೋದ ಕುರ್ಚಿಯಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿ, ತೆಗೀರಿ ಅಕ್ಕ ಎಂದಳು. ಇಷ್ಟು ವರ್ಷ ಕರೆದರೂ ಕೂರದವಳು. ನಾನು ದೀಪಗಳನ್ನು ಎರಡೆರಡು ಸಲ ಸರಿಮಾಡಿದೆ.

ತೆಗೆದ ಫೋಟೋ ಪರದೆಗೆ ಬಂತು. ರೂಢಿ ನೋಡಿ, ನನ್ನ ಬೆರಳು ತಾನಾಗಿ ಮೌಸನ್ನು ಅವಳ ಎಡಗೆನ್ನೆಯ ಮೇಲೆ ಒಯ್ದು ನಿಲ್ಲಿಸಿತು. ಒಂದು ಸಲ ಒತ್ತಿದರೆ ಸಾಕಿತ್ತು. ಅಳತೆಯಮ್ಮ ಈ ಸಲ ಬೇಡವೆನ್ನಲಿಲ್ಲ. ಪರದೆಯ ಮೇಲಿನ ಮುಖದಲ್ಲಿ ಆ ಕಲೆ ಇತ್ತು, ಎಷ್ಟೋ ದಿನದಿಂದ ಕಾಣೆಯಾಗಿದ್ದ ಕಳೆಯೂ ಇತ್ತು. ಒಂದನ್ನು ತೆಗೆಯಲು ಹೋದರೆ ಇನ್ನೊಂದೂ ಹೋದೀತೆಂದು ನನಗೆ ಹೆದರಿಕೆಯಾಯಿತು. ಮೌಸಿನಿಂದ ಕೈ ತೆಗೆದು ಹಾಗೇ ಪ್ರಿಂಟ್ ಕೊಟ್ಟೆ.

ಅವಳು ಇನ್ನೂ ಬಿಸಿಯಾಗಿದ್ದ ಫೋಟೋವನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ತುಂಬ ಹೊತ್ತು ನೋಡಿದಳು.

"ಚೆನ್ನಾಗಿದಾಳೆ ಅಕ್ಕ," ಎಂದಳು. "ಇವಳು ನಂಗೆ ಗೊತ್ತು."